ಅಗಸಗಿತ್ತಿಯ ಕೂಸಿಗೆ ಧರ್ಮತಾಯಿ

ಕೂಸು ಹುಟ್ಟಿದ್ದು ಕೋಟೆಯ ಅಗಸಗಿತ್ತಿಗೆ, ನಿದ್ದೆ ಕೆಟ್ಟದ್ದು ಕೋಟೆಗೆಲ್ಲ. ಖುಷಿಯಾದದ್ದು ಮಾತ್ರ ಮಬೀಲಾ ಒಬ್ಬಳಿಗೇ. ಮರುದಿನ ಅವಳನ್ನು ಮದುವೆಯಾಗಬೇಕಿದ್ದ ಆನ್ಸೋನೇ ಆ ಕೂಸಿನ ತಂದೆ.

ಇದು ಅವಳಿಗೆ ನಾಲ್ಕನೆಯ ಮದುವೆ. ಮೊದಲನೆಯದು ಒಂದು ಕಾಡಿಗಾಗಿ, ಎರಡನೆಯದು ಉಪ್ಪಿನ ಸುಂಕಕ್ಕಾಗಿ, ಮೂರನೆಯದು ಯಾತಕ್ಕೆಂದು ಅವಳಿಗೇ ಮರೆತುಹೋಗಿತ್ತು. ಮೂವರನ್ನೂ ಮಣ್ಣು ಮಾಡಿ, ವಿಧವೆಯ ಪಾಲಿಗೆ ಬಂದ ಪುಟ್ಟ ಮನೆಯಲ್ಲಿ, ಸೇಬಿನ ಮರದಡಿ ಕಾಲು ಚಾಚಿ ಕೂತಿದ್ದಳು. ತಮ್ಮ ಥೀಬೋ ಗಾಡಿ ತಂದು ನಿಲ್ಲಿಸಿದ. ಈ ಸಲ ಅವನಿಗೆ ಆನ್ಸೋನ ಮನೆತನದ ಸೇತುವೆ ಬೇಕಿತ್ತು.

“ಅಮ್ಮಾವ್ರೆ, ಪೆಟ್ಟಿಗೆ ಬಿಚ್ಚಲಾ?” ಕೋಟೆಯ ಕೋಣೆಗೆ ಬಂದಿಳಿದ ಮೇಲೆ ದಾಸಿ ಪೆರೆತ್ ಕೇಳಿದಳು.

“ಇರು ಕಣೆ. ಆ ಕೂಸಿನ ದೀಕ್ಷಾಸ್ನಾನ ಯಾವಾಗಂತೆ?”

“ಈಗಲೇ. ಗಿರಣಿಯವನ ಹೆಂಡ್ತಿ ಧರ್ಮತಾಯಿ ಆಗ್ತಾಳಂತೆ.”

ಮಬೀಲಾ ದಡಬಡ ಎದ್ದಳು. ದೀಕ್ಷಾಸ್ನಾನದಲ್ಲಿ ಕೂಸನ್ನು ಎತ್ತಿ ಹಿಡಿಯುವ ಧರ್ಮತಾಯಿಯೂ ಹೆತ್ತ ತಂದೆಯೂ ಒಡಹುಟ್ಟಿದವರ ಹಾಗೆ. ಅವರಿಬ್ಬರಿಗೆ ಮದುವೆಯೆಂದರೆ ಮಹಾಪಾಪ. ಇಗರ್ಜಿಯ ಈ ಕಟ್ಟಳೆಯ ಮುಂದೆ ಥೀಬೋನ ಆಟ ನಡೆಯುವುದಿಲ್ಲ.

ಕೆಸರು ತುಳಿದುಕೊಂಡು ಇಗರ್ಜಿಯ ಬಾಗಿಲಿಗೆ ಬಂದರೆ, ಗಿರಣಿಯವನ ಹೆಂಡತಿ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು.

“ಬಿಟ್ಕೊಡಲ್ಲ ತಾಯಿ. ಇದಕ್ಕೇ ಅಂತ ತಲೆಗೆ ನೀರು ಹಾಕ್ಕೊಂಡು ಬಂದಿದೀನಿ, ಈ ಚಳೀಲಿ.”

ಮಬೀಲಾ ಮದುವೆಗೆಂದು ತಂದಿದ್ದ ಅಳಿಲು ತುಪ್ಪಳದ ಹೊದಿಕೆಯನ್ನೇ ತೆಗೆದು ಅವಳ ಹೆಗಲಿಗೆ ಹಾಕಿದಳು. ಕೂಸು ಕೈ ಬದಲಾಯಿತು.

“ಗಂಡನಾಗೋನ ತಪ್ಪನ್ನೂ ಹೊಟ್ಟೆಗೆ ಹಾಕ್ಕೊಂಡ್ರಲ್ಲ, ಎಂಥ ದೊಡ್ಡ ಮನಸ್ಸು,” ಎಂದು ಊರಿನ ಹೆಂಗಸರು ಕಣ್ಣೊರೆಸಿಕೊಂಡರು. ಮೊಮ್ಮಗನನ್ನು ನೋಡಲೆಂದು ಆಳುಗಳು ಕುರ್ಚಿಯಲ್ಲಿ ಹೊತ್ತು ತಂದಿದ್ದ ಆನ್ಸೋನ ಮುದಿ ತಂದೆ, ಹೆಂಡತಿ ಸತ್ತು ಎಷ್ಟೋ ಕಾಲವಾದವನು, ತನ್ನ ಸತ್ತ ಕುದುರೆಯ ಕತೆಯನ್ನು ಯಾರೂ ಕೇಳದಿದ್ದರೂ ಹೇಳುತ್ತಲೇ ಇದ್ದ. ಪಾದ್ರಿ ನೀರು ಹಾಕಿದರು. ಕೂಸು ಮಬೀಲಾಳ ತೋಳು ಒದ್ದೆ ಮಾಡಿತು. ಅವಳಿಗೆ ಅದೂ ಹಿತವಾಗಿತ್ತು.

ಥೀಬೋ ಓಡಿ ಬಂದ, ಕೈಯಲ್ಲಿ ಅರ್ಧ ತಿಂದ ಕೋಳಿಕಾಲು. “ಅಕ್ಕಾ, ಏನ್ ಮಾಡ್ಬಿಟ್ಟೆ?”

“ಪುಣ್ಯದ ಕೆಲಸ ಕಣೋ. ಗಾಡಿ ಕಟ್ಟಿಸು. ನಂಗೆ ಸಾಕಾಗಿದೆ, ಮನೆಗೆ ಹೋಗಿ ಮಲಗ್ತೀನಿ.”

ಥೀಬೋನ ಹಿಂದೆಯೇ ಬಂದ ಆನ್ಸೋ ನಿಟ್ಟುಸಿರುಬಿಟ್ಟ. “ಛೆ, ನಾಳೆ ಮದುವೆ ಮುಗಿಸ್ಕೊಂಡು ಹಾಗೇ ಧರ್ಮಯುದ್ಧಕ್ಕೆ ಹೊರಡೋನಿದ್ದೆ. ವಾಪಸ್ ಬರೋದು ಎಷ್ಟು ವರ್ಷಕ್ಕೋ. ನೀವು ನಿಮ್ಮ ಮನೇಲೇ ಆರಾಮಾಗಿ ಇರಬಹುದಿತ್ತು.”

ಮಬೀಲಾ ಮೊದಲ ಸಲ ಅವನ ಮುಖವನ್ನು ಸರಿಯಾಗಿ ನೋಡಿದಳು.

ಅಷ್ಟರಲ್ಲಿ ಪಾದ್ರಿಯ ಕಿವಿ ಕಚ್ಚಿಬಂದ ಥೀಬೋ ನಗುತ್ತಿದ್ದ. “ಅಡ್ಡಿ ಇರೋದು ಕೂಸಿನ ಅಪ್ಪನಿಗೆ ಮಾತ್ರವಂತೆ ಅಕ್ಕ. ತಾತನಿಗಿಲ್ಲ. ನಮಗೆ ಬೇಕಾಗಿರೋದು ಸೇತುವೆ, ಗಂಡು ಯಾರಾದ್ರೇನು?”

ಮುದುಕನ ಬೊಚ್ಚುಬಾಯಿ ಅರಳಿತು. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ನಾನು ಈ ಕೋಟೆ ಬಿಟ್ಟು ಎಲ್ಲೂ ಹೋಗಲ್ಲಮ್ಮ. ರಾತ್ರಿ ನಿದ್ದೇನೂ ಬರಲ್ಲ. ಬೆಳಗಾಗೋವರೆಗೂ ಮಾತಾಡ್ತಾ ಕೂರೋಣ.” ಹಾಗೆಂದು ಕುದುರೆಯ ಕತೆಯನ್ನು ಮೊದಲಿನಿಂದ ಶುರುಮಾಡಿದ.

ಹಿಂದೆ ನಿಂತಿದ್ದ ಪೆರೆತ್ ಮೆಲ್ಲಗೆ ಕೇಳಿದಳು: “ಅಮ್ಮಾವ್ರೆ, ಪೆಟ್ಟಿಗೆ ಬಿಚ್ಚಲಾ?”

“ಬಿಚ್ಚು ಕಣೆ,” ಎಂದಳು ಮಬೀಲಾ.