ಐವತ್ತು ಓಮಿನ ಮಾಮಾ

ನನ್ನ ಸೋದರಮಾವನಿಗೆ ಮನುಷ್ಯರ ಮೇಲೆ ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಕೇಬಲ್ಲುಗಳ ಮೇಲೆ ಬಂದದ್ದನ್ನು ಮಾತ್ರ ವಾರಕ್ಕೆರಡು ಸಲ ಕಾಣುತ್ತೇನೆ!

ಕಾತ್ರಜದ ಅವರ ಮನೆಯ ಗಚ್ಚಿಯ ಮೇಲೆ ಆಂಟೆನಾ, ಕೋಣೆಯಲ್ಲಿ ಹವ್ಯಾಸಿ ರೇಡಿಯೋ. ದಿನಾ ಬೆಳಿಗ್ಗೆ ಎಂಟಕ್ಕೆ ಭೋರ್ ಎಂಬ ಊರಿನಲ್ಲಿರುವ ಗೆಳೆಯನೊಡನೆ, ಬೆರಳಿನಿಂದ ಟಕಟಕ ಒತ್ತುವ ಮೋರ್ಸ್ ಸಂಕೇತದಲ್ಲಿ ಹರಟೆ. ಮಳೆ ಬರಲಿ, ಮನೆಗೆ ಬೀಗರು ಬರಲಿ, ಎಂಟು ಎಂದರೆ ಎಂಟು!

ಅವರ ಧರ್ಮ ಒಂದೇ: ಇಂಪೀಡೆನ್ಸ್ ಸರಿಹೊಂದಬೇಕು. ಯಂತ್ರಕ್ಕೂ ಕೇಬಲ್ಲಿಗೂ ಈ ಓಮ್ ಲೆಕ್ಕದ ಅಳತೆ ಒಂದೇ ಇರದಿದ್ದರೆ ಸಿಗ್ನಲ್ಲಿನ ಒಂದು ಪಾಲು ಜೋಡಣೆಗೆ ಬಡಿದು ಹಿಂದಕ್ಕೆ ಬರುತ್ತದಂತೆ. ನನಗೆ ಹೆಣ್ಣು ನೋಡಲು ಹೋದಾಗ, ಹಿರಿಯರೆಲ್ಲ ಮಾತಾಡುತ್ತಿದ್ದರೆ ಇವರು ಟೀವಿಯ ಹಿಂದೆ!

"ಇಲ್ಲೊಂದು ತುದಿ ಖಾಲಿ ಬಿಟ್ಟೀರಲ್ರಿ!" ಎಂದು ಜೇಬಿನಿಂದ ಪುಟ್ಟ ಟೋಪಿಯಂಥದ್ದನ್ನು ತೆಗೆದು ಆ ತುದಿಗೆ ತಿರುಗಿಸಿಯೇಬಿಟ್ಟರು.

"ಹುಡುಗಿ ಮುಖಾ ನೋಡ್ರಿ ಅಂತ ಕರಕೊಂಡು ಬಂದ್ರ ಟೀವಿ ಬೆನ್ನು ನೋಡಾಕತ್ತೀರಿ!" ಎಂದರು ಮಾಮಿ.

ಆಗ ಹುಡುಗಿ ಕಿಸಕ್ಕನೆ ನಕ್ಕಳು, ನಾನು ಅಲ್ಲೇ ಒಪ್ಪಿದೆ. ಇದು ನನ್ನ ನೆನಪು. ಆ ಹೊತ್ತಿಗೆ ತಾನು ಅಡುಗೆಮನೆಯಲ್ಲಿದ್ದೆ ಎನ್ನುತ್ತಾಳೆ ಹೆಂಡತಿ. ಹಾಗಾದರೆ ನಕ್ಕವರು ಯಾರು? ದೇವರೇ ಬಲ್ಲ!

ಕಳೆದ ಮಳೆಗಾಲದಲ್ಲಿ ಇಲಿಯೊಂದು ಮಾಮಾನ ಕೇಬಲ್ಲನ್ನು ಕಡಿದುಹಾಕಿತು. ಒಂದು ಬೆಳಗಿನ ಹರಟೆ ತಪ್ಪಿತು. ಮರುದಿನ ಏಳೂವರೆಗೆ ನಾನು ಹೊಸ ಸುರುಳಿ ಹಿಡಿದು ಹೆಮ್ಮೆಯಿಂದ ಹೋದೆ. ಮಾಮಾ ಅದರ ಮೈಮೇಲಿನ ಅಕ್ಷರ ಓದಿದರು.

"ಇದು ಟೀವಿದ್ದು. ಎಪ್ಪತ್ತೈದು ಓಮ್. ನಂದು ಐವತ್ತು."

"ಎಷ್ಟು ಹಾಳಾಗ್ತದ ಮಾಮಾ?"

"ನೂರಕ್ಕೆ ನಾಕು ಪಾಲು!"

"ಇಷ್ಟs? ಬಿಡ್ರಿ. ಇಲ್ಲಾಂದ್ರ ಇವತ್ತೊಂದಿನ ಫೋನ್ ಹಚ್ಚಿ ಮಾತಾಡ್ರಿ."

ಮಾಮಾ ಸುರುಳಿಯನ್ನು ನೆಲಕ್ಕಿಟ್ಟರು. "ಫೋನಿನ್ಯಾಗ ಅಂವ ಏನ್ ಮಾತಾಡ್ತಾನೋ? ಲಕ್ವಾ ಹೊಡದು ಬಾಯಿ ಬಿದ್ದು ಎರಡು ವರ್ಷಾತು. ಎಡಗೈ ಬೆರಳು ಒಂದs ನಡೀತದ."

ಎರಡು ವರ್ಷ! ನಾವೆಲ್ಲ ಇದನ್ನು ಹುಚ್ಚು ಎಂದುಕೊಂಡು ನಗುತ್ತಿದ್ದೆವು.

ಗಡಿಯಾರ ಎಂಟಕ್ಕೆ ಹತ್ತು ನಿಮಿಷವಿದೆ ಎನ್ನುತ್ತಿತ್ತು. "ಅಂವ ಕುಂತಿರ್ತಾನ," ಎಂದವರೇ ಮಾಮಾ ಆ ತಪ್ಪು ಕೇಬಲ್ಲಿನ ತುದಿಯನ್ನು ತಾವೇ ಚಾಕುವಿನಿಂದ ಸುಲಿದರು. ಇನ್ನೊಂದು ತುದಿಯನ್ನು ಆಂಟೆನಾಗೆ ಜೋಡಿಸಲು ನಾನು ಗಚ್ಚಿಗೆ ಓಡಿದೆ.

ಎಂಟಕ್ಕೆ ಮಾಮಾ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು.

"ಏನಂತಾರ?"

"ನಿನ್ನೆ ಯಾಕ ಬರಲಿಲ್ಲ ಅಂತಾನ."

ಮಾಮಾ ಟಕಟಕನೆ ಉತ್ತರ ಹೊಡೆದರು. "ನಿದ್ದಿ ಹತ್ತಿಬಿಟ್ಟಿತ್ತು ಅಂದೆ. ಕೇಬಲ್ ಕಡದಿತ್ತು ಅಂದ್ರ, ಮತ್ತ ಎಲ್ಲಿ ಕಡೀತದೋ ಅಂತ ನಾಳೆ ಎಂಟರ ತನಕಾ ಚಿಂತಿ ಮಾಡ್ತಾನ."

ಸ್ವಲ್ಪ ಹೊತ್ತು ಆಲಿಸಿದರು. ಆಮೇಲೆ ಕಣ್ಣು ತೆರೆಯದೆಯೇ ನಕ್ಕರು.

"ನೀ ಮುದುಕಾದಿ ಅನ್ನಾಕತ್ತಾನ ಮಗ!"