ಮಧ್ಯಾಹ್ನದವರೆಗೂ ನಿಲ್ಲಬೇಕಾದ ಘಮ

ಕೈ ಹಿಡಿದು ಭವಿಷ್ಯ ಹೇಳುವವರನ್ನು ನೀವು ನೋಡಿರುತ್ತೀರಿ. ಕೈ ಹಿಡಿದು ನಾಡಿ ನೋಡುವವರನ್ನೂ ನೋಡಿರುತ್ತೀರಿ. ಕೈ ಹಿಡಿದು ಮೂಸುವವರನ್ನು ನೋಡಿದ್ದೀರಾ? ಇಲ್ಲವೆಂದರೆ ಎಪ್ಪತ್ತರ ದಶಕದಲ್ಲಿ ನೀವು ಮಾನ್ವಿಗೆ ಬಂದಿಲ್ಲ. ಬಂದಿದ್ದರೂ ನಮ್ಮ ಸೋದರಮಾವನ ಕಣ್ಣಿಗೆ ಬಿದ್ದಿಲ್ಲ. ಪುಣ್ಯವಂತರು!

ಮಾವ ಮನೆಯಲ್ಲೇ ಸಾಬೂನು ಮಾಡುತ್ತಿದ್ದ. ನಮ್ಮವ್ವನ ತವರು ಕುರಿ ಸಾಕುವ ಮನೆತನ. ನಮ್ಮ ಮನೆಯ ಎದುರಿಗೇ ಅಜ್ಜಿ, ಮಾವ ಇಬ್ಬರೇ ಇದ್ದರು. ಹಿಂಡನ್ನು ಕುರ್ಡಿಯ ಕಡೆ ಹೊಡೆದುಕೊಂಡು ಹೋಗಬೇಕಾದವನು ಅದನ್ನು ಆಳುಗಳಿಗೆ ಒಪ್ಪಿಸಿ, ಹಿತ್ತಲಲ್ಲಿ ಬುಟ್ಟಿಯಷ್ಟು ಅಗಲದ ಬೋಗುಣಿಯ ಮುಂದೆ ಕೂತಿರುತ್ತಿದ್ದ. ಕಾಸ್ಟಿಕ್ ಸೋಡಾ ಕರಗಿಸುವುದು, ಶೇಂಗಾ ಎಣ್ಣೆ ಸುರಿಯುವುದು, ಕೋಲಿನಿಂದ ತಿರುವುವುದು, ಗಟ್ಟಿಯಾಗುತ್ತಲೇ ಅಚ್ಚಿಗೆ ಹಾಕುವುದು. ಅಚ್ಚು ಯಾವುದು ಅಂತೀರಿ? ಇಟ್ಟಿಗೆಯದು! ಅವನ ಸಾಬೂನಿನಿಂದ ಸ್ನಾನವನ್ನೂ ಮಾಡಬಹುದಿತ್ತು, ಮನೆಯನ್ನೂ ಕಟ್ಟಬಹುದಿತ್ತು.

ಅಂಗಡಿಯ ಸಾಬೂನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ರೇಡಿಯೋದಲ್ಲಿ ಸಾಬೂನಿನ ಜಾಹೀರಾತು ಬಂದರೆ ಸಾಕು, ಎದ್ದು ಹೋಗಿ ಅದರ ಕಿವಿ ಹಿಂಡಿ ಬಂದ್ ಮಾಡುತ್ತಿದ್ದ. “ಅದರ ಘಮ ಬಚ್ಚಲದಾಗ ಹುಟ್ಟಿ ಬಚ್ಚಲದಾಗೇ ಸಾಯ್ತದ. ಮೈಮ್ಯಾಲ ಮಧ್ಯಾಹ್ನತನಕ ನಿಲ್ಲಬೇಕು, ಅದು ಸಾಬೂನು” ಎನ್ನುತ್ತಿದ್ದ. ದೊಡ್ಡ ಮಾತು. ತೊಂದರೆ ಇಷ್ಟೇ: ಅವನ ಸಾಬೂನಿನ ಘಮ ಬಚ್ಚಲನ್ನು ದಾಟಿ ಟವಲಿನವರೆಗೆ ಬರುತ್ತಿತ್ತು, ಅಲ್ಲಿ ನಿಂತುಬಿಡುತ್ತಿತ್ತು. ನಮ್ಮ ಮನೆಯ ಟವಲುಗಳಷ್ಟು ಘಮಘಮಿಸುವ ಟವಲು ಇಡೀ ತಾಲೂಕಿನಲ್ಲಿ ಇರಲಿಲ್ಲ. ಮನುಷ್ಯರು ಮಾತ್ರ ಮನುಷ್ಯರ ಹಾಗೇ ನಾರುತ್ತಿದ್ದೆವು.

ಆದರೆ ಸಂಶೋಧನೆ ನಿಲ್ಲಬೇಕಲ್ಲ? ಬೆಳಿಗ್ಗೆ ಓಣಿಯವರನ್ನೆಲ್ಲ ಕರೆದು ಕೈ ತೊಳೆಸುತ್ತಿದ್ದ. ಮಧ್ಯಾಹ್ನ ಅವರನ್ನು ಹುಡುಕಿಕೊಂಡು ಹೋಗಿ, ಎಲ್ಲಿ ಸಿಕ್ಕರೆ ಅಲ್ಲಿ ಕೈ ಹಿಡಿದು ಮೂಸುತ್ತಿದ್ದ. “ಅದ ಏನು? ಸ್ವಲ್ಪರ ಅದ ಏನು?” ಎಂದು ಅವರನ್ನೇ ಕೇಳುತ್ತಿದ್ದ. ಹಿಟ್ಟಿನ ಗಿರಣಿಯವನ ಕೈಯಲ್ಲಿ ಜೋಳದ ಹಿಟ್ಟು, ಕಟಿಂಗ್ ಅಂಗಡಿಯವನ ಕೈಯಲ್ಲಿ ಗಡ್ಡಕ್ಕೆ ಉಜ್ಜುವ ಪಟಿಕ. ನನ್ನ ಕೈಯಲ್ಲಿ ಹುಣಸೆಹಣ್ಣು. ಮಲ್ಲಟದಲ್ಲಿ ಒಂದು ಹೆಣ್ಣು ನೋಡಲು ಹೋದಾಗ, ಹುಡುಗಿಗೆ ತನ್ನ ಸಾಬೂನೊಂದನ್ನು ಕೊಟ್ಟು ಕೈ ತೊಳೆದು ಬರಲು ಹೇಳಿದನಂತೆ. ಆ ಹುಡುಗಿ ಕೈ ತೊಳೆಯಲು ಒಳಗೆ ಹೋದದ್ದೇ ಕೊನೆ, ಹೊರಗೆ ಬರಲಿಲ್ಲ. ಮಾವ ಮದುವೆಯಾಗದೆ ಉಳಿದದ್ದಕ್ಕೆ ಜಾತಕದಲ್ಲಿ ಕಾರಣ ಹುಡುಕುವುದು ಸುಮ್ಮನೆ ದಂಡ.

ಅಕ್ಕನ ನಿಶ್ಚಿತಾರ್ಥಕ್ಕೆ ದೇವದುರ್ಗದಿಂದ ಬೀಗರು ಬಂದರು. ಮಾವನನ್ನು ಆ ದಿನ ಎಲ್ಲಿಗಾದರೂ ಕಳಿಸಬೇಕೆಂದು ಅವ್ವ ಬಹಳ ಪ್ರಯತ್ನಪಟ್ಟಳು. ಅವನು ಹೋಗಲಿಲ್ಲ, ಬದಲಿಗೆ ಮಲ್ಲಿಗೆಯ ಘಮದ ಹೊಸ ಇಟ್ಟಿಗೆಯೊಂದನ್ನು ಬಚ್ಚಲಲ್ಲಿಟ್ಟ. ಊಟ ಚೆನ್ನಾಗಿ ಆಯಿತು. ಬಸ್ಸಿನ ಹೊತ್ತಾಗಿ ಬೀಗರು ಹೊರಟು ನಿಂತಾಗ ಮಾವ ಮುಂದೆ ಬಂದು, ಹಿರಿಯ ಬೀಗರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿದ. ಕಣ್ಣಿಗೊತ್ತಿಕೊಳ್ಳುತ್ತಾನೆಂದು ತಿಳಿದ ಅವರು ಕರಗಿಹೋಗಿ, “ಇರ್ಲಿ ಬಿಡ್ರಿ, ನಾವೇನು ದೇವ್ರೇನ್ರಿ” ಎಂದರು. ಮಾವ ಸೊರ್ ಎಂದು ಉಸಿರೆಳೆದು, ಮುಖ ಸಣ್ಣ ಮಾಡಿಕೊಂಡು, “ಪುಂಡಿಪಲ್ಯ” ಎಂದ. ಅವ್ವನ ಪ್ರಾಣ ಬಾಯಿಗೆ ಬಂತು. ದೇವರು ದೊಡ್ಡವನು! ಅಡಿಗೆ ಹೇಗಿತ್ತೆಂದು ಕೇಳುತ್ತಿದ್ದಾನೆಂದು ತಿಳಿದ ಬೀಗರು, ಪುಂಡಿಪಲ್ಯವನ್ನು ಹೊಗಳುತ್ತಲೇ ಬಸ್ಸು ಹತ್ತಿದರು.

ಅಕ್ಕನ ಮದುವೆಯಾಗಿ, ಅವಳು ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬರುವ ಹೊತ್ತಿಗೆ ಮಾವನ ಸಂಶೋಧನೆ ಒಂದು ಘಟ್ಟ ಮುಟ್ಟಿತ್ತು. ರಾಯಚೂರಿನ ಅತ್ತರಿನ ಅಂಗಡಿಯ ಮುದುಕರೊಬ್ಬರು ಇವನ ಕಾಟ ತಾಳಲಾರದೆ ಉಪಾಯ ಹೇಳಿಕೊಟ್ಟಿದ್ದರು: ಬಿಸಿಯಲ್ಲಿ ಅತ್ತರು ಸುರಿಯಬೇಡ, ಆರಿದ ಮೇಲೆ ಹಾಕು, ಜೊತೆಗೆ ಲೋಬಾನದ ಪುಡಿ ಬೆರೆಸು, ಘಮ ಹಿಡಿದುಕೊಳ್ಳುತ್ತದೆ. ಮಾವ ಗೋರಂಟಿಯಿಂದ ಇಳಿಸಿದ ಹೀನಾ ಅತ್ತರನ್ನು ತಂದು ಹಾಗೇ ಮಾಡಿದ. ಆ ಸಾಬೂನನ್ನು ಯಾರಿಗೂ ಮುಟ್ಟಲು ಕೊಡದೆ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸಿದ.

ಅಕ್ಕನಿಗೆ ಹೆಣ್ಣು ಮಗುವಾಯಿತು. ಬಾಣಂತಿಯ ಎಣ್ಣೆ, ಅಜವಾನದ ಹೊಗೆ, ಬೆಳ್ಳುಳ್ಳಿ ಇವುಗಳಲ್ಲಿ ಮುಳುಗಿ ಮುಳುಗಿ ಅಕ್ಕನಿಗೆ ತನ್ನ ಮೈ ತನಗೇ ಸಾಕಾಗಿತ್ತು. ಹೆರಿಗೆ ಸಸೂತ್ರವಾದರೆ ಬರುತ್ತೇನೆಂದು ಹರಕೆ ಹೊತ್ತಿದ್ದ ಅಜ್ಜಿ ಒಂದು ದಿನ ನೀರಮಾನ್ವಿಯ ಎಲ್ಲಮ್ಮನಿಗೆ ಹೋದಳು. ಅವಳು ಅತ್ತ ಹೋಗುತ್ತಲೇ ಇತ್ತ ಮಾವ ಸಾಬೂನು ತಂದ. ಅಕ್ಕನೇ ಆಸೆಪಟ್ಟು ಇಸಿದುಕೊಂಡಳು. ತಲೆಯಿಂದ ಕಾಲಿನವರೆಗೆ ತಿಕ್ಕಿ ಎರೆದುಕೊಂಡು ಬಂದಾಗ ಪಡಸಾಲೆಯಲ್ಲಿ ದರ್ಗಾದ ಮುಂದೆ ನಿಂತ ಹಾಗಾಯಿತು.

ಆಮೇಲೆ ಕೂಸು ಮೊಲೆಗೆ ಬಾಯಿ ಹಾಕಲಿಲ್ಲ. ಹತ್ತಿರ ತಂದರೆ ಮುಖ ತಿರುವಿ ಚೀರುತ್ತಿತ್ತು. ಅವ್ವ ದೃಷ್ಟಿ ತೆಗೆದಳು, ಹೊಟ್ಟೆಗೆ ಹಿಂಗು ಹಚ್ಚಿದಳು. ಡಾಕ್ಟರು ಬಂದು ನೋಡಿ, ಕೂಸಿಗೆ ಏನೂ ಆಗಿಲ್ಲ, ಹಸಿದಿದೆ ಅಷ್ಟೆ ಎಂದರು. ಹಸಿದಿದೆ ಎಂಬುದು ಇಡೀ ಓಣಿಗೆ ಕೇಳಿಸುತ್ತಿತ್ತು. ಅದನ್ನು ಹೇಳಲು ಡಾಕ್ಟರು ಬೇಕಿರಲಿಲ್ಲ. ಹೊತ್ತು ನೆತ್ತಿಗೆ ಬಂತು. ನಮ್ಮ ಮಹಾಶಯ ಸರಿಯಾದ ಸಮಯಕ್ಕೆ ಬಂದು, ಅಳುತ್ತ ಕೂತಿದ್ದ ಅಕ್ಕನ ಕೈ ಹಿಡಿದು ಮೂಸಿದ. ಮುಖ ಅರಳಿತು. “ಅದ! ಮಧ್ಯಾಹ್ನ ಆದ್ರೂ ಅದ!” ಎಂದು ಅಂಗಳದಲ್ಲಿ ಕುಣಿದಾಡಿದ. ಅವನನ್ನು ಒನಕೆಯಿಂದ ಬಾರಿಸಲು ಅವ್ವನಿಗೆ ಬಿಡುವಿರಲಿಲ್ಲ.

ಇಳಿಹೊತ್ತಿಗೆ ಕೂಸಿನ ದನಿ ಸಣ್ಣದಾಯಿತು. ಆಗ ನಮಗೆಲ್ಲ ನಿಜವಾಗಿ ಹೆದರಿಕೆಯಾಯಿತು. ಅಷ್ಟರಲ್ಲಿ ಅಜ್ಜಿ ಹಣೆಯ ತುಂಬ ಭಂಡಾರ ಹಚ್ಚಿಕೊಂಡು ಬಂದಳು. ಹೊಸ್ತಿಲಲ್ಲೇ ನಿಂತು ಮೂಗು ಎತ್ತಿದಳು. ಏನು ಹಚ್ಚಿ ಎರೆದಿರಿ ಎಂದು ಕೇಳಿದಳು. ಉತ್ತರ ಕೇಳಿ ಮಗನ ಕಡೆ ತಿರುಗಿದಳು.

“ಮರಿ ಮೈಮ್ಯಾಲ ಬ್ಯಾರೆ ವಾಸನಿ ಕುಂತ್ರ ತಾಯಿಕುರಿ ಹತ್ರ ಸೇರಸಲ್ಲ ಅಂತ ಆಳುಗಳಿಗೆಲ್ಲ ಬೈತಿದ್ದಿ. ಈಗ ತಾಯಿ ಮೈಗೇ ಬ್ಯಾರೆ ವಾಸನಿ ಬಳದು ಕುಂತೀಯಲ್ಲೋ. ಆ ಕೂಸು ತನ್ನವ್ವ ಎಲ್ಲಿ ಅಂತ ಹುಡುಕಬೇಕು?”

ಸೀಗೆಪುಡಿ, ಕಡಲೆಹಿಟ್ಟು, ಬೂದಿ ಎಲ್ಲ ಹಾಕಿ ಅಕ್ಕನನ್ನು ತಿಕ್ಕಿದೆವು. ಘಮ ಹೋಗಲಿಲ್ಲ. ಟವಲು ದಾಟಿ ಗೊತ್ತಿರದ ಘಮ ಅಂದೇ ಹಟ ಹಿಡಿದು ನಿಂತಿತು! “ಬೆಳಿಗ್ಗೆ ಆಕಿ ಬಿಚ್ಚಿಟ್ಟ ಸೀರಿ ಎಲ್ಲದ?” ಎಂದ ಮಾವ. ಬಟ್ಟೆಯ ಗಂಟಿನಲ್ಲಿ ಆಗಷ್ಟೇ ಒಗೆಯಲು ಹಳ್ಳಕ್ಕೆ ಹೋಗಿತ್ತು. ಚಪ್ಪಲಿಯನ್ನೂ ಮೆಟ್ಟದೆ ಓಡಿದ. ಪುಣ್ಯಕ್ಕೆ ಗಂಟು ಇನ್ನೂ ಬಿಚ್ಚಿರಲಿಲ್ಲ. ಎಣ್ಣೆ, ಹಾಲು, ಬೆವರು ಎಲ್ಲ ಮೆತ್ತಿದ ಆ ಸೀರೆಯನ್ನು ಎದೆಗವಚಿಕೊಂಡು ತಂದು, ಇದನ್ನು ಸುತ್ತಿ, ಎದೆಗೆ ಅವಳದೇ ಹಾಲು ಸವರಿ ಕೂಸಿನ ತುಟಿಗೂ ಹಚ್ಚಿರಿ ಎಂದು ಹೇಳಿದ. ಮರಿಯನ್ನು ಒಲ್ಲದ ತಾಯಿಕುರಿಗೆ ಅವನು ಮಾಡುತ್ತಿದ್ದ ಉಪಾಯ ಅದೇ. ನಾವು ಬಾಗಿಲು ಮುಂದೆ ಮಾಡಿದೆವು. ಅವನು ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತ. ಕೂಸು ಸೀರೆಯಲ್ಲಿ ಮುಖವಿಟ್ಟು ಹುಡುಕಾಡಿತು, ಬಿಕ್ಕಿತು, ಆಮೇಲೆ ಗುಟುಕರಿಸುವ ಸಪ್ಪಳ ಕೇಳಿಸಿತು.

ಆವತ್ತೇ ಬೋಗುಣಿ ಅಟ್ಟ ಸೇರಿತು. ಮಾವ ಕುರಿಗಳ ಹಿಂದೆ ಹೋಗತೊಡಗಿದ. ಎದುರುಮನೆಯವನಾದರೂ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೂಸು ಹಾಲು ಕುಡಿಯಿತೇ ಎಂದು ಕೇಳಿ ಹೋಗುತ್ತಿದ್ದ. ಅವನನ್ನು ಆಡಿಕೊಂಡು ನಕ್ಕ ನಮಗೇ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮಾವ ಒಳಗೆ ಬಂದ. ಸೀದಾ ಬಚ್ಚಲಿಗೆ ಹೋಗಿ ಬೂದಿಯಿಂದ ಕೈಯನ್ನು ಚರ್ಮ ಕೆಂಪಾಗುವಂತೆ ತಿಕ್ಕಿದ. ನೀರು ಸೋರುವ ಎರಡೂ ಕೈಗಳನ್ನು ಅಜ್ಜಿಯ ಮೂಗಿನ ಮುಂದೆ ಚಾಚಿದ.

“ಮೂಸಿ ನೋಡು ಬೇ ಯವ್ವಾ. ಏನರ ಅದ ಏನು?”

ಅಷ್ಟು ವರ್ಷ ‘ಅದ’ ಎನ್ನಿಸಿಕೊಳ್ಳಲು ಊರೆಲ್ಲ ಅಲೆದವನು ಆ ದಿನ ‘ಇಲ್ಲ’ ಎನ್ನುವ ಮಾತಿಗಾಗಿ ಕಾಯುತ್ತ ನಿಂತಿದ್ದ. ಅಜ್ಜಿ ಅಂಗೈ ಮೂಸಿದಳು, ಮುಂಗೈ ಮೂಸಿದಳು, ಮೊಣಕೈಯವರೆಗೂ ಮೂಸಿದಳು.

“ಏನೂ ಇಲ್ಲ. ಬರೇ ನಿನ್ನ ಕೈ ಅವ. ಹಿಡಿ, ನಿನ್ನ ಮೊಮ್ಮಗಳು” ಎಂದು ಕೂಸನ್ನು ಅವನ ಕೈಗಿತ್ತಳು.

ಕೂಸು ಅವನ ಹೆಬ್ಬೆರಳನ್ನು ಬಾಯಿಗೆ ಎಳೆದುಕೊಂಡು ಚೀಪತೊಡಗಿತು. ಮಾವ ಅಲ್ಲೇ, ಎಲ್ಲರ ಎದುರಿಗೆ, ಅತ್ತುಬಿಟ್ಟ.