ಏಳು ನಿಮಿಷಕ್ಕೊಂದು ಮುಖ

ಪಡುಗಾಳಿ ಹಿರಿಯರ ಆರೈಕೆ ವಸತಿ, ಮಣಿಪಾಲ, ಇದರ ಆರೈಕೆ ಗುಣಮಟ್ಟದ ಮುಖ್ಯಸ್ಥರಾದ ಶ್ರೀಮಾನ್ ಹೆರಾಲ್ಡ್ ಅವರ ಸನ್ನಿಧಿಗೆ, ಅದೇ ವಸತಿಯ ಎರಡನೇ ಮಹಡಿಯ ಹನ್ನೆರಡನೇ ಮನೆಯಲ್ಲಿರುವ ಶೀನ ಭಂಡಾರಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ಬೆಳಿಗ್ಗೆ ತಾವು ಕಾರಿನಿಂದ ಇಳಿಯುವಾಗ ನಮ್ಮ ಬಾಲ್ಕನಿಯಿಂದ ನೋಡುತ್ತೇನೆ; ತಮ್ಮ ಗಲ್ಲ ಯಾವಾಗಲೂ ನುಣುಪಾಗಿರುತ್ತದೆ, ಕಿವಿಯ ಕೆಳಗೂ ಒಂದು ಕೂದಲು ಉಳಿದಿರುವುದಿಲ್ಲ. ಕಾಪು ಪೇಟೆಯಲ್ಲಿ ನಲವತ್ತಾರು ವರ್ಷ ಸೆಲೂನ್ ನಡೆಸಿದವನಾದ್ದರಿಂದ ಇಂಥದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ. ನನ್ನ ಬರವಣಿಗೆ ಪತ್ರಿಕೆಯ ಭಾಷೆಯಂತೆ ಕಂಡರೆ ಕ್ಷಮಿಸಬೇಕು. ಏಳನೇ ಕ್ಲಾಸು ಓದಿದವನು ನಾನು; ಉಳಿದದ್ದನ್ನೆಲ್ಲ ಗಿರಾಕಿಗಳಿಗೆಂದು ತರಿಸುತ್ತಿದ್ದ ಪತ್ರಿಕೆಗಳಿಂದ ಕಲಿತೆ.

ತಮ್ಮ ಸಂಸ್ಥೆಯನ್ನು ಮೊದಲು ಹೊಗಳಿ ಆಮೇಲೆ ವಿಷಯಕ್ಕೆ ಬರುವುದು ಮರ್ಯಾದೆ. ಇಲ್ಲಿ ನಮಗೆಲ್ಲ ಪ್ರತ್ಯೇಕ ಮನೆ ಉಂಟು, ಬಾಗಿಲಿಗೆ ನಮ್ಮದೇ ಬೀಗ ಉಂಟು, ಸ್ನಾನಕ್ಕೆ, ಬಟ್ಟೆ ಹಾಕಿಕೊಳ್ಳುವುದಕ್ಕೆ, ಕ್ಷೌರಕ್ಕೆ ಕೈ ಸಾಗದವರ ಮನೆಗೆ ಹೊತ್ತಿಗೆ ಸರಿಯಾಗಿ ಜನ ಬರುತ್ತಾರೆ. ಬಂದವರ ಕೈಯಲ್ಲಿ ಒಂದು ಟ್ಯಾಬ್ ಇರುತ್ತದೆ. ಕೆಲಸ ಆಯಿತೆಂದು ಒತ್ತಿದರೆ ಅದು ಹಸಿರಾಗುತ್ತದೆ. ಆಗಲಿಲ್ಲವೆಂದು ಒತ್ತಿದರೆ ಅಥವಾ ಹೊತ್ತು ಮೀರಿದರೆ ಕೆಂಪಾಗುತ್ತದೆ, ಕೂಡಲೇ ಕೆಳಗಿನಿಂದ ಫೋನು ಬರುತ್ತದೆ. ನಮ್ಮ ಮಹಡಿಯಲ್ಲಿ ಗಂಡಸರು ಒಂಬತ್ತು ಜನ. ಮಂಗಳವಾರ ಮತ್ತು ಶನಿವಾರ ಒಬ್ಬನೇ ಮನುಷ್ಯ ಒಂದು ಗಂಟೆಯೊಳಗೆ ಒಂಬತ್ತು ಮುಖಗಳ ಕ್ಷೌರ ಮಾಡಿ ಮುಗಿಸಬೇಕು. ಬಾಗಿಲು ದಾಟುವ ಹೊತ್ತನ್ನು ಕಳೆದರೆ ತಲಾ ಏಳು ನಿಮಿಷವೂ ಸಿಕ್ಕುವುದಿಲ್ಲ. ನನ್ನ ಸೆಲೂನಿನಲ್ಲಿ ಗಲ್ಲಕ್ಕೆ ಸಾಬೂನು ಹಚ್ಚಿ ಗಡ್ಡ ಮೆದುವಾಗುವುದಕ್ಕೇ ನಾನು ಅಷ್ಟು ಹೊತ್ತು ಕಾಯುತ್ತಿದ್ದೆ. ಅಷ್ಟೂ ವರ್ಷ ಎಷ್ಟು ಹೊತ್ತು ಹಾಳು ಮಾಡಿದೆನೆಂದು ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ಈಗ ವಿಷಯ. ನನ್ನ ಪಕ್ಕದ ಮನೆಯ ಮಮ್ಮು ಬ್ಯಾರಿಯವರು ಆದಿ ಉಡುಪಿಯ ಮಾರುಕಟ್ಟೆಯಲ್ಲಿ ಈರುಳ್ಳಿ, ಬಟಾಟೆಯ ವ್ಯಾಪಾರ ಮಾಡಿದವರು. ಎಂಬತ್ತೆರಡು ವರ್ಷ. ಅವರ ಗಡ್ಡವನ್ನು ನೋಡಿದಾಗಲೆಲ್ಲ ನನಗೆ ಒಳ್ಳೆಯ ಕೆಲಸಗಾರನ ಬಗ್ಗೆ ಆಗುವ ಗೌರವ ಆಗುತ್ತಿತ್ತು. ಬಿಳಿ ಗಡ್ಡ, ಒಂದು ಮುಷ್ಟಿ ಉದ್ದ, ಮೇಲ್ತುಟಿಯ ಮೇಲೆ ಮೀಸೆ ಕತ್ತರಿಸಿದ ಗೆರೆ ಕೂಡ ನೇರ. ಎಲ್ಲ ಅವರದೇ ಕೈಕೆಲಸ. ಇಪ್ಪತ್ತೈದನೇ ವಯಸ್ಸಿನಿಂದ ಬಿಟ್ಟ ಗಡ್ಡವೆಂದು ಅವರೇ ಹೇಳಿದ್ದರು. ಮಳೆಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಆಯಿತು. ಆಸ್ಪತ್ರೆಯಿಂದ ಮರಳುವಾಗ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಕೇಳುವುದು, ಅರ್ಥವಾಗುವುದು ಎಲ್ಲ ಮೊದಲಿನಂತೆಯೇ. ತಮ್ಮ ಕಚೇರಿ ಅವರ ಹೆಸರನ್ನು ಹೆಚ್ಚಿನ ಆರೈಕೆಯ ಪಟ್ಟಿಗೆ ಸೇರಿಸಿತು.

ಮರುದಿನ ಮಂಗಳವಾರ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಕಾರ್ಕಳದ ಸುಕೇಶ್ ಟ್ಯಾಬ್ ಹಿಡಿದು ಅವರ ಮನೆಗೆ ಹೋದ. ಅದರಲ್ಲಿ 'ಮುಖಕ್ಷೌರ' ಎಂದಿತ್ತು. ಗಡ್ಡ ಇಡಬೇಕೋ ಬೇಡವೋ ಎಂದು ಕೇಳುವ ಸಾಲು ಅದರಲ್ಲಿ ಇರಲಿಲ್ಲ. ಸುಕೇಶ್ ಮಿಶಿನ್ ಹಿಡಿದು ಎಲ್ಲವನ್ನೂ ತೆಗೆದುಬಿಟ್ಟ.

ನಾನು ಎಂದಿನಂತೆ ಅವರಿಗೆ ಓದಿ ಹೇಳಲು ಪತ್ರಿಕೆ ಹಿಡಿದು ಎಂಟು ಗಂಟೆಗೆ ಹೋದಾಗ ಅವರು ಟವೆಲಿನಿಂದ ಮುಖ ಮುಚ್ಚಿ ಮಲಗಿದ್ದರು. ಎಡಗೈಯಲ್ಲಿ ಟವೆಲನ್ನು ಬಿಗಿಯಾಗಿ ಹಿಡಿದಿದ್ದರು. ನೆಲದ ಮೇಲಿನ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಳಿ ಕೂದಲಿನ ರಾಶಿ ಹಾಗೆಯೇ ಇತ್ತು. ಜೀವಮಾನವಿಡೀ ಕೂದಲು ಗುಡಿಸಿದವನು ನಾನು, ಅದನ್ನು ಗುಡಿಸಲು ನನ್ನಿಂದ ಆಗಲಿಲ್ಲ.

ಅಂದೇ ತಮ್ಮ ಕಚೇರಿಗೆ ಬಂದೆ. ತಾವು ಕುರ್ಚಿ ಕೊಟ್ಟು, ಚಹಾ ತರಿಸಿ, "ಕೂದಲಲ್ವಾ ಶೀನಣ್ಣ, ಪುನಃ ಬರ್ತದೆ" ಎಂದು ಸಮಾಧಾನ ಹೇಳಿದಿರಿ. ನಾನು ಲಿಖಿತವಾಗಿ ದೂರು ಕೊಟ್ಟೆ. ಹತ್ತು ದಿನಗಳ ನಂತರ ಉತ್ತರ ಬಂತು: ಸೇವೆ ನಿಗದಿತ ಸಮಯದಲ್ಲಿ ಪೂರ್ಣಗೊಂಡಿದೆ, ನಿವಾಸಿಯವರು ಯಾವುದೇ ಮೌಖಿಕ ಆಕ್ಷೇಪ ವ್ಯಕ್ತಪಡಿಸಿಲ್ಲ. ಮಾತು ಹೋದವರು ಬಾಯಲ್ಲಿ ಆಕ್ಷೇಪಿಸಲಿಲ್ಲವೆಂಬುದನ್ನು ಇಷ್ಟು ನಿಖರವಾಗಿ ದಾಖಲಿಸಿದ ಕಚೇರಿ ಉಡುಪಿ ಜಿಲ್ಲೆಯಲ್ಲಿ ಬೇರೊಂದು ಇರಲಾರದು.

ಗಡ್ಡ ತೆಗೆದ ವಾರದ ಭಾನುವಾರವೇ ಅವರ ಮಗಳು ಝೈನಬ್ ಪಡುಬಿದ್ರಿಯಿಂದ ಬಂದಿದ್ದರು. ತಂದೆ ಗೋಡೆಯ ಕಡೆ ತಿರುಗಿದವರು ಇತ್ತ ತಿರುಗಲಿಲ್ಲ. ಆಕೆ ಕೂಗಾಡಲಿಲ್ಲ. ಹೊರಗೆ ಬಂದು ಸುಕೇಶನನ್ನು ಕರೆದು, "ನಿಮ್ಮ ಮೇಲೆ ಸಿಟ್ಟಿಲ್ಲ. ಉಪ್ಪ ನನಗೆ ಮುಖ ತೋರಿಸುದಿಲ್ಲ, ಅದೊಂದು ಗೊತ್ತಿರಲಿ ನಿಮಗೆ" ಎಂದರು. ಅಷ್ಟೇ.

ಆ ಸಂಜೆ ಸುಕೇಶ್ ನನ್ನ ಬಾಗಿಲು ತಟ್ಟಿದ. ನಲವತ್ತು ದಾಟಿದ ಮನುಷ್ಯ, ಮೊದಲು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. "ನಾನು ಮಿಶಿನ್ ಹಿಡಿದಾಗ ಅವರು ಎಡಗೈ ಎತ್ತಿದರು ಶೀನಣ್ಣ. ಬೇಡ ಅಂತ ಹೇಳಿದ್ದು ಅಂತ ನನಗೆ ಗೊತ್ತಾಗಿತ್ತು. ಇನ್ನೂ ಆರು ಜನ ಬಾಕಿ ಇದ್ದರು. ಎಂತ ಮಾಡುದು, ಕೈಯನ್ನು ಕೆಳಗೆ ಇಳಿಸಿದೆ" ಎಂದ. ಆಮೇಲೆ, "ನನಗೆ ಸರಿಯಾಗಿ ಕಲಿಸಿ" ಎಂದ.

ನನ್ನ ಎರಡೂ ಕೈ ನಡುಗುತ್ತವೆ. ಚಹಾದ ಲೋಟ ಹಿಡಿಯಲೂ ಆಗುವುದಿಲ್ಲ, ಈ ಪತ್ರವನ್ನೂ ಹೇಳಿ ಬರೆಸುತ್ತಿದ್ದೇನೆ. ಹಾಗಾಗಿ ಮಧ್ಯಾಹ್ನದ ಅವನ ಬಿಡುವಿನ ಹೊತ್ತಿನಲ್ಲಿ ನನ್ನ ಮುಖವನ್ನೇ ಪಾಠಕ್ಕೆ ಕೊಟ್ಟೆ. ಮೊದಲು ಬಿಸಿನೀರಿನ ಟವೆಲು. ಮುದುಕರ ಚರ್ಮ ಜೋಲುತ್ತದೆ, ಎರಡು ಬೆರಳಿನಿಂದ ಎಳೆದು ಹಿಡಿಯದೆ ಬ್ಲೇಡು ತಾಗಿಸಬಾರದು. ಪಾರ್ಶ್ವವಾಯು ಆದ ಕಡೆ ಗಾಯವಾದರೂ ಅವರಿಗೆ ಗೊತ್ತಾಗುವುದಿಲ್ಲ, ಆದ್ದರಿಂದ ಅಲ್ಲಿ ಇನ್ನೂ ನಿಧಾನ. ಎಲ್ಲಕ್ಕಿಂತ ಮೊದಲು ಎದುರು ಕುಳಿತು ಹೇಗೆ ಬೇಕೆಂದು ಕೇಳಬೇಕು, ಉತ್ತರ ಬರುವವರೆಗೆ ಕಾಯಬೇಕು. ಮೊದಲ ವಾರ ನನ್ನ ಗಲ್ಲದಲ್ಲಿ ನಾಲ್ಕು ಗೀರು ಬಿದ್ದವು. ಮೂರನೇ ವಾರದಲ್ಲಿ ಕನ್ನಡಿ ನೋಡಿದರೆ, ನನ್ನ ಮುಖ ನನ್ನದೇ ಅಂಗಡಿಯಿಂದ ಎದ್ದು ಹೊರಟ ಗಿರಾಕಿಯ ಮುಖದ ಹಾಗೆ ಕಂಡಿತು. ಮಹಡಿಯ ಇತರರೂ ಗಲ್ಲ ಸವರಿಕೊಂಡು ಊಟಕ್ಕೆ ಬರತೊಡಗಿದರು. ಟ್ಯಾಬ್ ಮಾತ್ರ ಕೆಂಪಾಗುತ್ತಾ ಹೋಯಿತು, ಏಕೆಂದರೆ ಸುಕೇಶನಿಗೆ ಈಗ ಒಬ್ಬರಿಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. 'ನಿವಾಸಿಯು ಅನುಮತಿಯಿಲ್ಲದೆ ಸಿಬ್ಬಂದಿಗೆ ತರಬೇತಿ ನೀಡುತ್ತಿರುವ ಬಗ್ಗೆ' ಎಂದು ನನಗೊಂದು ನೋಟೀಸು ಬಂತು. ನನ್ನ ಕಸುಬಿಗೆ ತರಬೇತಿ ಎಂಬ ಹೆಸರು ಕೊಟ್ಟ ಮೊದಲಿಗರು ತಾವು. ಆ ನೋಟೀಸಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ.

ಮಮ್ಮು ಬ್ಯಾರಿಯವರು ಏಳು ವಾರ ಯಾರಿಗೂ ಮುಖ ಮುಟ್ಟಗೊಡಲಿಲ್ಲ. ಊಟಕ್ಕೂ ಕೆಳಗೆ ಇಳಿಯಲಿಲ್ಲ. ಗಡ್ಡ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡವಾಗಿ ಬೆಳೆಯಿತು, ಮೀಸೆ ಬಾಯಿಯ ಮೇಲೆ ಇಳಿಯಿತು, ಗಂಜಿ ಕುಡಿದರೆ ಅದರಲ್ಲಿಯೇ ಉಳಿಯುತ್ತಿತ್ತು. ಕಳೆದ ಶುಕ್ರವಾರ ಬೆಳಿಗ್ಗೆ ಸುಕೇಶ್ ಟ್ಯಾಬನ್ನು ನನ್ನ ಮನೆಯಲ್ಲಿ ಬಿಟ್ಟು, ಬರೀ ಬಾಚಣಿಗೆ, ಕತ್ತರಿ ಹಿಡಿದು ಅವರ ಎದುರು ಕುಳಿತ. ನಾನು ಪಕ್ಕದಲ್ಲಿದ್ದೆ. "ಇವತ್ತು ಜುಮ್ಮಾ ಅಲ್ವಾ ಬ್ಯಾರಿಗಳೇ, ಮೀಸೆಯ ಗೆರೆ ಮಾತ್ರ ಸರಿ ಮಾಡಲಾ? ಬೇಡ ಅಂದ್ರೆ ಎದ್ದು ಹೋಗ್ತೇನೆ" ಎಂದ. ಅವರು ಅವನನ್ನು ನೋಡುತ್ತಾ ಕುಳಿತರು. ಹೊರಗೆ ಚಹಾದ ಗಾಡಿ ಬಂದು, ಹೋಗಿ, ಖಾಲಿ ಲೋಟಗಳಿಗಾಗಿ ಪುನಃ ಬಂತು. ಸುಕೇಶ್ ಏಳಲಿಲ್ಲ. ಕೊನೆಗೆ ಮಮ್ಮು ಬ್ಯಾರಿಯವರು ಎಡಗೈ ಚಾಚಿ, ಅವನ ಮಣಿಕಟ್ಟು ಹಿಡಿದು, ಬಾಚಣಿಗೆಯನ್ನು ತಮ್ಮ ತುಟಿಯ ಹತ್ತಿರಕ್ಕೆ ತಂದುಕೊಂಡರು.

ಆ ಕತ್ತರಿ ನಾನು ಹಿಡಿಯಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದು ಬರೆಯುವುದಿಲ್ಲ. ಕೈಗಳ ಮೇಲೆ ಕುಳಿತುಕೊಂಡೆ. "ಇನ್ನೊಂದು ಎಳೆ ಮೇಲೆ. ಅಲ್ಲಿ ನಿಲ್ಲು" ಎಂದು ಹೇಳುತ್ತಾ ಹೋದೆ, ಅರ್ಧದಲ್ಲಿ ಹೇಳುವುದನ್ನೂ ಬಿಟ್ಟೆ, ಅವನಿಗೆ ನನ್ನ ಅಗತ್ಯ ಇರಲಿಲ್ಲ. ಕನ್ನಡಿ ಹಿಡಿದಾಗ ಮಮ್ಮು ಬ್ಯಾರಿಯವರು ಎಡಕ್ಕೆ, ಬಲಕ್ಕೆ ತಿರುಗಿ ನೋಡಿಕೊಂಡರು. ತೂಕ ಸರಿಯಿಲ್ಲದ ಚೀಲವನ್ನು ನೋಡುವ ವ್ಯಾಪಾರಿಯ ಹಾಗೆ ನೋಡಿ, ಎಡಗಡೆ ಒಂದು ಕಡೆ ಬೆರಳಿಟ್ಟು ತೋರಿಸಿದರು. ಸುಕೇಶ್ ಅಲ್ಲಿ ಒಂದು ಎಳೆ ತೆಗೆದ. ಟೋಪಿಯ ಕಡೆ ಕೈ ತೋರಿಸಿ ಹಾಕಿಸಿಕೊಂಡರು. ಮಧ್ಯಾಹ್ನ ಗಾಲಿಕುರ್ಚಿಯಲ್ಲಿ ಊಟದ ಹಾಲಿಗೆ ಬಂದು ಮೀನಿನ ಸಾರು ಎರಡು ಸಲ ಹಾಕಿಸಿಕೊಂಡರು. ಭಾನುವಾರ ಮಗಳು ಬಂದಾಗ ಬಾಗಿಲಿನ ಕಡೆ ಮುಖ ಮಾಡಿಯೇ ಕುಳಿತಿದ್ದರು.

ಆ ಶುಕ್ರವಾರ ಸುಕೇಶನಿಗೆ ಐವತ್ತು ನಿಮಿಷ ಹಿಡಿಯಿತು, ಇಬ್ಬರ ಸ್ನಾನ ತಡವಾಯಿತು. ಆ ಇಬ್ಬರೂ ಆಕ್ಷೇಪಿಸಲಿಲ್ಲ, ಟ್ಯಾಬ್ ಆಕ್ಷೇಪಿಸಿತು. ಸೋಮವಾರ ತಾವು ಅವನನ್ನು ಲಾಂಡ್ರಿಗೆ ಹಾಕಿದಿರಿ. ತಪ್ಪು ಮಾಡಿದ ದಿನ ಹಸಿರು, ಸರಿ ಮಾಡಿದ ದಿನ ಕೆಂಪು ತೋರಿಸುವ ಈ ವ್ಯವಸ್ಥೆಗೆ ನನ್ನಂಥವನು ಕೊಡಬಹುದಾದ ಸಲಹೆ ಹೆಚ್ಚೇನೂ ಇಲ್ಲ. ಗಡ್ಡಗಳು ಇನ್ನು ಮುಂದೆ ಮಂಗಳವಾರ ಮತ್ತು ಶನಿವಾರ ಮಾತ್ರ, ಅದೂ ಎಲ್ಲರ ಮುಖದಲ್ಲಿ ಸಮನಾಗಿ ಬೆಳೆಯತಕ್ಕದ್ದೆಂದು ತಾವೊಂದು ಸುತ್ತೋಲೆ ಹೊರಡಿಸಿದರೆ ಎಲ್ಲರಿಗೂ ಅನುಕೂಲ. ಅದು ಕಷ್ಟವಾದರೆ ಸುಕೇಶನನ್ನು ಮರಳಿ ಮೇಲಕ್ಕೆ ಕಳುಹಿಸಿ, ಅವನಿಗೆ ಬೆಳಗಿನ ಹೊತ್ತನ್ನು ಪೂರ್ತಿಯಾಗಿ ಕೊಡಿ. ಎರಡರಲ್ಲಿ ಯಾವುದು ತಮ್ಮ ಅಧಿಕಾರದಲ್ಲಿದೆಯೆಂದು ನನಗೆ ಗೊತ್ತಿಲ್ಲ. ಈ ಪತ್ರದ ಪ್ರತಿಯನ್ನು ಊಟದ ಹಾಲಿನ ಬೋರ್ಡಿಗೂ ಅಂಟಿಸಿದ್ದೇನೆ.

ಸದಾ ತಮ್ಮ ಗಲ್ಲದ ಅಭಿಮಾನಿಯೂ, ಇನ್ನೂ ತಮ್ಮ ವಿಶ್ವಾಸಿಯೂ ಆದ,
ಶೀನ ಭಂಡಾರಿ

ಮರೆತ ಮಾತು: ಬರುವ ಬುಧವಾರ ಹೊಸ ಕರಪತ್ರಕ್ಕಾಗಿ ನಮ್ಮೆಲ್ಲರ ಫೋಟೊ ತೆಗೆಯಲು ಜನ ಬರುತ್ತಾರೆಂದು ತಿಳಿದು ಸಂತೋಷವಾಯಿತು. ಮೊನ್ನೆ ಮಂಗಳವಾರ ತಾವು ಕಳುಹಿಸಿದ ಹೊಸಬನಿಗೆ ಒಂಬತ್ತು ಮನೆಯವರೂ ಬಾಗಿಲು ತೆರೆಯಲಿಲ್ಲ, ಶನಿವಾರವೂ ತೆರೆಯುವುದಿಲ್ಲ. ಫೋಟೊದಲ್ಲಿ ನಾವೆಲ್ಲ ಬೆಳೆದ ಗಡ್ಡದೊಂದಿಗೆ ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳುತ್ತೇವೆ. ತಮ್ಮ ಕಚೇರಿಯಿಂದ ಸುಕೇಶ್ ಇರುವ ಲಾಂಡ್ರಿಗೆ ಇಳಿಯಲು ಹನ್ನೊಂದೇ ಮೆಟ್ಟಿಲು.